ನೂಲಿಲ್ಲದ ಜಾಯಿಂಟು

ಅಡುಗೆಮನೆಯ ಸಿಂಕಿನ ಕೆಳಗಿದ್ದ ಕಬ್ಬಿಣದ ಪೈಪು ಒಡೆದದ್ದು ರಜೆಯ ದಿನ, ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ. ಒಡೆಯುವುದಕ್ಕಾದರೂ ಒಂದು ಹೊತ್ತುಗೊತ್ತು ಬೇಡವೆ? ಮಗ ತಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಹೊಸ ಮ್ಯಾನೇಜರನ ಮೇಲೆ ಹರಿಹಾಯುತ್ತಿದ್ದ. ಸೊಸೆ ಹೂಂಗುಟ್ಟುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದಳು. ಅಷ್ಟರಲ್ಲಿ ಯಾರೋ ಜೋರಾಗಿ ಸೀನಿದ ಹಾಗೆ ಸದ್ದಾಯಿತು. ನೋಡನೋಡುತ್ತ ತುಕ್ಕು ಬಣ್ಣದ ನೀರು ಮೇಜಿನ ಕಾಲಿನವರೆಗೂ ಹರಿದು ಬಂತು.

ಮೊದಲು ಎದ್ದವಳು ಮನೆಯ ಹಿರಿಯಳು ನೂಲಮ್ಮ. ಮಂಡಿನೋವು ಗಿಂಡಿನೋವು ಎಲ್ಲ ಮರೆತು ಹಿಂಬಾಗಿಲಿಗೆ ಓಡಿ, ಗೋಡೆಯ ಮೂಲೆಯಲ್ಲಿದ್ದ ದೊಡ್ಡ ವಾಲ್ವು ತಿರುಗಿಸಿ ನೀರು ನಿಲ್ಲಿಸಿದಳು. ಆ ವಾಲ್ವು ಯಾವ ಕಡೆಗೆ ತಿರುಗುತ್ತದೆ ಎನ್ನುವುದು ಸರಿಯಾಗಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಗೊತ್ತಿರದೆ ಏನು? ಅದನ್ನು ಕೂರಿಸುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವಳು ಅವಳೇ.

ನೂಲಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಂಡ ಇಟ್ಟದ್ದು. ಗಂಡ ಪೈಪಿನ ಮೇಸ್ತ್ರಿ. ಆ ಕಾಲದಲ್ಲಿ ಕಬ್ಬಿಣದ ಪೈಪಿನ ತುದಿಗೆ ತಿರುಪಿನ ಗೆರೆ ಕೊರೆದು, ಆ ಗೆರೆಗಳ ಮೇಲೆ ಸೆಣಬಿನ ನೂಲು ಸುತ್ತಿ, ಬಿಳಿ ಪೇಸ್ಟು ಬಳಿದು, ಆಮೇಲೆ ರೆಂಚ್ ಹಾಕಿ ಬಿಗಿ ಮಾಡಬೇಕಿತ್ತು. ನೂಲಿಲ್ಲದೆ ಜಾಯಿಂಟಿಲ್ಲ. ಮದುವೆಯಾದ ಹೊಸದರಲ್ಲಿ ಈ ಮನೆಯನ್ನು ಒಂದೊಂದೇ ಕೋಣೆಯಾಗಿ ಕಟ್ಟಿದರಲ್ಲ, ಆಗ ರಜೆ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ಪೈಪಿನ ಮುಂದೆ. ಅವಳು ನೂಲು ಸುತ್ತುವುದು, ಅವನು ಬಿಗಿ ಮಾಡುವುದು. ಮೊದಲ ದಿನ ಅವಳು ಉಲ್ಟಾ ಸುತ್ತಿಬಿಟ್ಟಿದ್ದಳು. ಅವನು ರೆಂಚ್ ತಿರುಗಿಸಿದ ಹಾಗೆಲ್ಲ ನೂಲು ಬಿಚ್ಚಿಕೊಂಡು ಬಂದು ಅವನ ಮೀಸೆಗೇ ಮೆತ್ತಿಕೊಂಡಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನು ನನ್ನ ಹೆಂಡತಿ ಅಲ್ಲ ಕಣೆ, ನೂಲಮ್ಮ" ಅಂದ. ಅಂದಿನಿಂದ ಅದೇ ಹೆಸರು ಬೀದಿಗೆಲ್ಲ ಹಬ್ಬಿತು. ಮೇಸ್ತ್ರಿ ತೀರಿಕೊಂಡು ವರ್ಷಗಳೇ ಆದವು. ಹೆಸರು ಮಾತ್ರ ಉಳಿದಿದೆ, ಗೋಡೆಯ ಮೇಲಿನ ಪೈಪುಗಳು ಉಳಿದಿವೆ.

ಈಗ ಅವೂ ಉಳಿಯುವ ಲಕ್ಷಣ ಕಾಣಲಿಲ್ಲ.

ಮರುದಿನ ಬಂದ ಪ್ಲಂಬರು ಪೈಪುಗಳನ್ನು ಬೆರಳಿನಿಂದ ತಟ್ಟಿ, ನಾಲಿಗೆ ಲೊಚಗುಟ್ಟಿ, "ಒಳಗೆಲ್ಲ ತುಕ್ಕು ಕಟ್ಟಿದೆ. ಇಡೀ ಲೈನು ತೆಗೆದು ಹೊಸದು ಹಾಕಬೇಕು" ಎಂದು ಒಂದು ಮೊತ್ತ ಹೇಳಿದ. ಅದನ್ನು ಕೇಳಿ ಮಗ ನಿಂತಿದ್ದವನು ಕೂತ.

"ನಾವೇ ಹಾಕೋಣ" ಅಂದಳು ಸೊಸೆ ಪ್ಲಂಬರು ಹೋದ ಮೇಲೆ, ಪಾತ್ರೆ ಒರೆಸುತ್ತಾ.

"ಏನನ್ನ?"

"ಪೈಪು. ಈಗ ಬಗ್ಗೋ ಪ್ಲಾಸ್ಟಿಕ್ ಪೈಪು ಬಂದಿದೆ ರೀ. ಹಿತ್ತಾಳೆ ಫಿಟ್ಟಿಂಗ್ ಮೇಲೆ ತೂರಿಸಿ, ಮೇಲೊಂದು ಉಂಗುರ ಹಾಕಿ, ಕ್ರಿಂಪರ್ ಅಂತ ಇಕ್ಕಳ ಇರುತ್ತೆ, ಅದರಲ್ಲಿ ಒತ್ತಿಬಿಟ್ಟರೆ ಮುಗೀತು. ನಮ್ಮ ಅಂಗಡಿ ಹಿಂದಿನ ಮನೆಯೋರು ಅವರೇ ಹಾಕ್ಕೊಂಡಿದಾರೆ. ಒಂದು ಹನಿ ಸೋರಿಲ್ಲ."

"ನೀನು ಕನ್ನಡಕದ ಗಾಜು ಕೊರೆಯೋಳು. ಪೈಪಿನ ಕೆಲಸ ನಿನಗೇನು ಗೊತ್ತು?"

"ಗಾಜು ಕೂದಲೆಳೆ ಹೆಚ್ಚಾದರೂ ಫ್ರೇಮಿಗೆ ಕೂರಲ್ಲ. ಅಳತೆ ಗೊತ್ತಲ್ಲ, ಸಾಕು."

ಮೊಮ್ಮಗಳು ಫೋನಿನಿಂದ ತಲೆಯೆತ್ತಿ, "ಅಪ್ಪ, ಅಮ್ಮಂಗೆ ಬಿಡು. ನೀನು ಹೋದ ಸಲ ಬಲ್ಬ್ ಹಾಕೋಕೆ ಹೋಗಿ ಹೋಲ್ಡರನ್ನೇ ಕಿತ್ತಿದ್ದೆ" ಅಂದಳು.

ನೂಲಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. ನೂಲು ಬೇಡ, ಪೇಸ್ಟು ಬೇಡ, ಉಂಗುರ ಹಾಕಿ ಒತ್ತಿದರೆ ಮುಗೀತಂತೆ. ಹಾಗಾದರೆ ತಾವಿಬ್ಬರೂ ಇಷ್ಟು ವರ್ಷ ಮಾಡಿದ್ದೇನು, ಹುಡುಗಾಟವೆ?

ಅಂಗಡಿಗೆ ಹೋಗುವ ದಿನ "ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ನಿಂತಳು. ಮಗ ಮುಖ ಗಂಟು ಹಾಕಿದ. "ಬರಲಿ ಬಿಡಿ, ನಿಮಗಿಂತ ಜಾಸ್ತಿ ಅವರಿಗೆ ಗೊತ್ತು" ಅಂದಳು ಸೊಸೆ.

ಕಬ್ಬಿಣದ ಸಾಮಾನಿನ ಆ ಅಂಗಡಿ ಅವಳಿಗೆ ಹೊಸದಲ್ಲ. ಮೊದಲು ಬಾಗಿಲಲ್ಲೇ ನೂಲಿನ ಉಂಡೆಗಳು ತೂಗಾಡುತ್ತಿದ್ದವು, ಒಳಗೆ ಕಾಲಿಟ್ಟರೆ ಎಣ್ಣೆಯ ಘಮ. ಈಗ ಗಾಜಿನ ಕಪಾಟು, ತಣ್ಣನೆ ಗಾಳಿ. ಗಲ್ಲಾದ ಮೇಲಿದ್ದವನು ಹಳೆಯ ಸಾಹುಕಾರನ ಮಗ. ಅವಳ ಗುರುತು ಹಿಡಿದು ಎದ್ದು ನಿಂತ. "ಬನ್ನಿ ಅಕ್ಕ. ಮೇಸ್ತ್ರಿ ಇಲ್ಲಿ ಕಾಲಿಟ್ಟರೆ ನಮ್ಮಪ್ಪ ಮೊದಲು ಚಹಾ ತರಿಸ್ತಿದ್ದ" ಅಂದ. ಅಷ್ಟು ಕೇಳಿದ್ದೇ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು.

ಅಂಗಡಿಯವನು ಮೂರು ಕ್ರಿಂಪರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

ಮಗ ಮೊದಲನೆಯದನ್ನು ನೋಡಿದವನೇ ಎತ್ತಿಕೊಂಡ. ಮೊಳದುದ್ದದ ಎರಡು ಹಿಡಿ, ಭಾರದ ಬಾಯಿ. "ಇದು ನೋಡು. ಅಪ್ಪನ ದೊಡ್ಡ ರೆಂಚ್ ಹಿಡಿದ ಹಾಗೇ ಇದೆ."

"ಗಟ್ಟಿ ಮಾಲು" ಅಂದ ಅಂಗಡಿಯವನು. "ಉದ್ದ ಹಿಡಿ ಅಲ್ವಾ, ಸುಲಭವಾಗಿ ಒತ್ತುತ್ತೆ. ಆದರೆ ಎರಡೂ ಕೈ ಬೇಕು, ಹಿಡಿ ಅಗಲಿಸೋಕೆ ಜಾಗ ಬೇಕು."

"ನಮ್ಮ ಸಿಂಕಿನ ಕೆಳಗೆ ಕೈ ಆಡ್ಸೋದೇ ಕಷ್ಟ" ಅಂದಳು ಸೊಸೆ. "ಆ ಗಿಡ್ಡದು?"

"ಇದಕ್ಕೆ ಜಾಗ ಬೇಡ. ಮುಷ್ಟಿಯಲ್ಲಿ ಪೈಲ್ವಾನನ ಶಕ್ತಿ ಬೇಕು, ಅಷ್ಟೇ."

"ಈ ಮೂರನೇದು?"

"ಇದರ ಒಳಗೆ ಹಲ್ಲಿನ ಚಕ್ರ ಇದೆಯಮ್ಮ. ಒಂದೇ ಕೈಯಲ್ಲಿ ಒತ್ತಬಹುದು. ಒತ್ತಿ ಸುಸ್ತಾಯ್ತು ಅಂತ ಸಡಿಲ ಬಿಟ್ಟರೂ ಎಲ್ಲಿತ್ತೋ ಅಲ್ಲೇ ನಿಲ್ಲುತ್ತೆ. ಮತ್ತೆ ಒತ್ತಿದರೆ ಮುಂದಕ್ಕೆ ಹೋಗುತ್ತೆ. ಪೂರ್ತಿ ಬಿಗಿ ಆಗೋ ತನಕ ಕಚ್ಚಿದ್ದನ್ನ ಬಿಡಲ್ಲ. ಸಣ್ಣ ಪೈಪು, ದೊಡ್ಡ ಪೈಪು, ಎಲ್ಲಕ್ಕೂ ಇದೊಂದೇ ಸಾಕು. ಉಂಗುರ ಮಾತ್ರ ಇದರದ್ದೇ ತಗೋಬೇಕು, ಸ್ಟೀಲಿಂದು, ಪಕ್ಕದಲ್ಲಿ ಪುಟ್ಟ ಕಿವಿ ಇರೋದು."

ಸೊಸೆ ಅದನ್ನು ಕೈಯಲ್ಲಿ ಹಿಡಿದು ಒತ್ತಿದಳು. ಕಟಕಟ ಅಂತು. ಬಿಟ್ಟಳು, ಮತ್ತೆ ಒತ್ತಿದಳು. ಆಮೇಲೆ, "ಅತ್ತೆ, ನೀವೊಂದ್ಸಲ ಹಿಡಿದು ನೋಡಿ" ಎಂದು ಚಾಚಿದಳು.

"ನಂಗ್ಯಾಕಮ್ಮ ಅದೆಲ್ಲ" ಎಂದು ನೂಲಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಬೆರಳಿನ ಗೆಣ್ಣುಗಳು ಊದಿ ಎಷ್ಟೋ ಕಾಲವಾಗಿತ್ತು. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಮೊಮ್ಮಗಳನ್ನು ಕೂಗಬೇಕು.

"ಇದು ಮಕ್ಕಳಾಟದ ಸಾಮಾನು ಇದ್ದ ಹಾಗಿದೆ" ಅಂದ ಮಗ.

"ಇದನ್ನೇ ಕೊಡಿ" ಅಂದಳು ಸೊಸೆ ಅಂಗಡಿಯವನಿಗೆ. ಮಗ ದಾರಿಯುದ್ದಕ್ಕೂ ಉಬ್ಬಿದ ಮುಖದಲ್ಲೇ ಬಂದ.

ಅವತ್ತಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಸಂಜೆ ಸೊಸೆ ಕೆಲಸದಿಂದ ಬಂದವಳೇ ಹಳೆಯ ನೈಟಿ ಹಾಕಿಕೊಂಡು ಗೋಡೆಯ ಮುಂದೆ ಕೂರುವಳು. ಅಡುಗೆ ಮಗನ ಪಾಲಿಗೆ ಬಂತು. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ನೀರು ಪಕ್ಕದ ಮನೆಯಿಂದ. ಬಕೆಟ್ಟು ಹೊತ್ತೂ ಹೊತ್ತೂ ಮೊಮ್ಮಗಳು ರೇಗಿ, "ಈ ಮನೇಲಿ ಮುಖ ತೊಳೆಯೋದೂ ಒಂದು ಸಾಹಸ" ಎಂದು ಗೊಣಗುವಳು.

ಹಳೆಯ ಪೈಪು ಬಿಚ್ಚುವುದು ಮಗನ ಕೆಲಸ. ಬಿಚ್ಚಲು ಬಂದರೆ ತಾನೆ? ಮೇಸ್ತ್ರಿ ಹಾಕಿದ ಬಿಗಿ. ಮಗ ಬೆವರು ಸುರಿಸಿ, ಹಲ್ಲು ಕಚ್ಚಿ, ಕೊನೆಗೆ ಗರಗಸದಲ್ಲಿ ಕುಯ್ದ. ಒಂದು ಜಾಯಿಂಟು ಮಾತ್ರ ಹೇಗೋ ತಿರುಗಿ ಬಂತು. ನೂಲಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಪೈಪೆಲ್ಲ ತಿಂದುಹೋಗಿತ್ತು. ಗೆರೆಗಳ ನಡುವೆ ಅವಳು ಸುತ್ತಿದ ನೂಲು ಮಾತ್ರ ಹಾಗೇ ಇತ್ತು, ಒಂದು ಎಳೆಯೂ ಕೊಳೆತಿರಲಿಲ್ಲ. ಅದನ್ನು ಸುತ್ತಿದ ದಿನ ತಾನು ಉಟ್ಟಿದ್ದ ಸೀರೆ ಯಾವುದು, ಅವನು ಗುನುಗುತ್ತಿದ್ದ ರಾಗ ಯಾವುದು, ಎಲ್ಲ ಕಣ್ಣ ಮುಂದೆ ಬಂತು. ಅವನು ಸಿಳ್ಳೆ ಹಾಕಿದರೆ ನೂಲು ಸಿದ್ಧ ಇರಬೇಕು ಅಂತ ಅರ್ಥ. ಕೆಮ್ಮಿದರೆ ಪೇಸ್ಟು. ಬೇರೆ ಮಾತೇ ಬೇಕಿರಲಿಲ್ಲ. ಹೊಸ ಮದುವೆಯ ನಾಚಿಕೆಯಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡದ್ದೇ ಆ ಪೈಪುಗಳ ಮುಂದೆ ಕೂತು.

"ಅಮ್ಮ, ಗುಜರಿಯವನು ಬಂದಿದಾನೆ, ಅದನ್ನೂ ಕೊಡು" ಅಂದ ಮಗ.

"ತಗೋ" ಎಂದು ಕೊಟ್ಟುಬಿಟ್ಟಳು. ಇಟ್ಟುಕೊಂಡು ಮಾಡುವುದಾದರೂ ಏನು? ಕೊಟ್ಟಾದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತಳು.

ಮುಖ ಒರೆಸಿಕೊಂಡು ಹೊರಗೆ ಬಂದವಳು ಸೊಸೆಯ ಎದುರು ನಿಂತು, "ನಂಗೂ ಏನಾದ್ರೂ ಕೆಲಸ ಕೊಡೆ. ಸುಮ್ಮನೆ ಕೂತು ನೋಡೋಕೆ ಆಗಲ್ಲ" ಅಂದಳು.

ಸೊಸೆ ಒಂದು ಗಳಿಗೆ ಯೋಚಿಸಿದಳು. "ಬಚ್ಚಲ ಲೈನು ಮುಗೀತು. ಅಡುಗೆಮನೆಯದಕ್ಕೆ ನೀವು ಪೈಪಿಗೆ ಉಂಗುರ ಹಾಕಿ, ಫಿಟ್ಟಿಂಗ್ ಒರೆಸಿ, ಒಳಗೆ ತೂರಿಸಿ ಇಟ್ಟಿರಿ ಅತ್ತೆ. ಸಂಜೆ ಬಂದು ನಾನು ಒತ್ತುತ್ತಾ ಹೋಗ್ತೀನಿ. ಅರ್ಧ ಕೆಲಸ ಕಮ್ಮಿಯಾಗುತ್ತೆ ನಂಗೆ."

ಮಾರನೆಯ ದಿನ ಎಲ್ಲರೂ ಹೊರಗೆ ಹೋದ ಮೇಲೆ ನೂಲಮ್ಮ ಫಿಟ್ಟಿಂಗುಗಳನ್ನು ಹರಡಿಕೊಂಡು ಕೂತಳು. ಹೊಳೆಯುವ ಹಿತ್ತಾಳೆ, ಮೈಮೇಲೆ ಸಾಲು ಸಾಲು ಉಬ್ಬಿದ ಏಣು. ಒರೆಸಿದಳು, ತಿರುಗಿಸಿ ನೋಡಿದಳು. ಬೋಳು. ಹಣೆಯಲ್ಲಿ ಏನೂ ಇಲ್ಲದ ಮುಖದ ಹಾಗೆ ಬೋಳು. ಇದನ್ನು ಹೀಗೇ ತೂರಿಸಿದರೆ ನೀರು ನಿಲ್ಲುತ್ತದೆಯೆ? ಪಾಪ, ಸೊಸೆಗೇನು ಗೊತ್ತು, ಅಂಗಡಿಯವನು ಹೇಳಿದ್ದನ್ನು ನಂಬಿದ್ದಾಳೆ. ನಾಳೆ ಸೋರಿದರೆ ಮಗ ಅವಳನ್ನು ಸುಮ್ಮನೆ ಬಿಡುತ್ತಾನೆಯೆ?

ಮೇಸ್ತ್ರಿಯ ಹಳೆಯ ಪೆಟ್ಟಿಗೆ ತೆಗೆದಳು. ಸೆಣಬಿನ ನೂಲು ಇನ್ನೂ ಇತ್ತು. ಜಾಸ್ತಿ ಅಲ್ಲ, ಕೂದಲೆಳೆಯಷ್ಟು ತೆಗೆದು ಏಣುಗಳ ನಡುವೆ ಸುತ್ತಿ, ಪೈಪಿನೊಳಗೆ ತೂರಿಸಿದಳು. ಹೊರಗೆ ಏನೂ ಕಾಣಲಿಲ್ಲ. ಬೆರಳು ನೋಯುತ್ತಿದ್ದರೂ ಸುತ್ತುವ ಲಯ ಮರೆತಿರಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೂ ತನಗೇ ತಿಳಿಯದಂತೆ ಅವನ ರಾಗ ಗುನುಗುತ್ತಿದ್ದಳು. ಅಷ್ಟು ಹಗುರಾಗಿ ಒಂದು ದಿನ ಕಳೆದು ಅವಳಿಗೆ ಎಷ್ಟು ಕಾಲವಾಗಿತ್ತೋ.

ಸಂಜೆ ಸೊಸೆ ಬಂದು ಒಂದೊಂದನ್ನೇ ಕಟಕಟ ಒತ್ತಿದಳು. "ಎಷ್ಟು ನೀಟಾಗಿ ಜೋಡಿಸಿದೀರಿ ಅತ್ತೆ" ಅಂದಳು. ನೂಲಮ್ಮ ಒಳಗೊಳಗೇ ಬೀಗಿದಳು.

ವಾಲ್ವು ಬಿಟ್ಟರು. ಬಚ್ಚಲಲ್ಲಿ ನೀರು ಜೋರಾಗಿ, ತಿಳಿಯಾಗಿ ಬಂತು. ಅಡುಗೆಮನೆಯಲ್ಲೂ ಬಂತು. ಆದರೆ ಊಟ ಮುಗಿಸಿ ಏಳುವಷ್ಟರಲ್ಲಿ ಅಡುಗೆಮನೆಯ ಒಂದು ಜಾಯಿಂಟಿನ ತುದಿಯಲ್ಲಿ ಹನಿ ಕಟ್ಟಿತ್ತು. ಮುಟ್ಟಿ ನೋಡಿದರೆ ಅದರ ಮುಂದಿನದರಲ್ಲೂ. ಅದರ ಮುಂದಿನದರಲ್ಲೂ.

"ನೋಡಿದ್ಯಾ?" ಅಂದ ಮಗ. ಎಷ್ಟು ದಿನದಿಂದ ಕಾದಿದ್ದನೋ. "ಅವತ್ತೇ ಬಡ್ಕೊಂಡೆ, ಉದ್ದ ಹಿಡಿಯದು ತಗೋ ಅಂತ. ಇದಕ್ಕೆ ಬಿಗಿ ಮಾಡೋ ತಾಕತ್ತಿಲ್ಲ."

"ಬಚ್ಚಲಲ್ಲಿ ಸೋರ್ತಿಲ್ಲವಲ್ಲ ರೀ. ಒತ್ತಿದ್ದು ಇದರಲ್ಲೇ."

"ಇವತ್ತು ಸೋರ್ತಿಲ್ಲ, ನಾಳೆ ಸೋರುತ್ತೆ."

"ನಾನೇ ಎಲ್ಲೋ ತಪ್ಪು ಮಾಡಿದೀನಿ. ಆ ಜಾಯಿಂಟುಗಳನ್ನ ಕತ್ತರಿಸಿ ಇನ್ನೊಂದ್ಸಲ ಹಾಕ್ತೀನಿ."

ಇನ್ನೊಂದು ಸಲ ಹಾಕಿದಳು. ಈ ಸಲ ನೂಲಮ್ಮ ಇನ್ನಷ್ಟು ಎಚ್ಚರ ವಹಿಸಿದಳು. ಹೋದ ಸಲ ನೂಲು ಕಡಿಮೆಯಾಗಿರಬೇಕು, ಅದಕ್ಕೇ ಸೋರಿದೆ ಎಂದುಕೊಂಡು ಎರಡರಷ್ಟು ಸುತ್ತಿದಳು. ಫಿಟ್ಟಿಂಗು ಒಳಗೆ ಹೋಗಲು ಹಠ ಮಾಡಿತು. ನೆಲಕ್ಕೆ ಊರಿ ದಬ್ಬಿದಳು. ಅವತ್ತು ಊಟ ಮುಗಿಯುವವರೆಗೂ ಕಾಯಬೇಕಾಗಲಿಲ್ಲ. ವಾಲ್ವು ಬಿಟ್ಟ ಕೂಡಲೇ ನೆಲ ಒದ್ದೆಯಾಯಿತು.

ಮಗನ ಬಾಯಿಗೆ ಬೀಗ ಇರಲಿಲ್ಲ. ತನ್ನ ಅಪ್ಪ ಕಟ್ಟಿದ ಲೈನು ಜೀವಮಾನವಿಡೀ ಬಾಳಿತು, ನೀನು ಹಾಕಿದ್ದು ಒಂದು ದಿನವೂ ನಿಲ್ಲಲಿಲ್ಲ ಅಂದ. ಓದಿಕೊಂಡವಳ ಹಾಗೆ ಅಂಗಡಿಯಲ್ಲಿ ಮೆರೆದೆಯಲ್ಲ ಅಂದ. ಆ ಕ್ರಿಂಪರನ್ನು ವಾಪಸು ಮಾಡಿ ಪ್ಲಂಬರನ್ನೇ ಕರೆಸುತ್ತೇನೆ ಅಂದ. ಸೊಸೆ ತಟ್ಟೆ ಸರಿಸಿ ಎದ್ದು ಹೋದಳು.

ನೂಲಮ್ಮನೂ ಅರ್ಧ ಊಟಕ್ಕೇ ಎದ್ದಳು. ಇಷ್ಟು ಜೋಪಾನ ಮಾಡಿದರೂ ಯಾಕೆ ಸೋರುತ್ತಿದೆ? ಮಗ ಹೇಳುವುದೇ ನಿಜವಿರಬಹುದು, ಇಕ್ಕಳದ್ದೇ ದೋಷ ಎಂದುಕೊಂಡಳು. ಆದರೆ ಸೊಸೆಯ ಮುಖ ನೋಡಲು ಯಾಕೋ ಆಗಲಿಲ್ಲ.

ಅದಾದ ಎರಡು ಮೂರು ದಿನ ಮನೆಯಲ್ಲಿ ಮಾತೇ ಇಲ್ಲ. ಗಂಡ ಹೆಂಡತಿಯ ನಡುವೆ ಮಗಳೇ ಟಪಾಲು. "ಅಪ್ಪಂಗೆ ಹೇಳು, ಹಾಲು ಖಾಲಿ." "ಅಮ್ಮಂಗೆ ಹೇಳು, ಗೊತ್ತಿದೆ." ಸೊಸೆ ಒಂದು ಸಂಜೆ ಒಬ್ಬಳೇ ಅಡುಗೆಮನೆಯಲ್ಲಿ ಚಾಕು ಹಿಡಿದುಕೊಂಡು ಏನೋ ಮಾಡಿದಳು. ಆಮೇಲೆ ಗಂಡನ ಹತ್ತಿರ ಹೋಗಿ, ದನಿಯಲ್ಲಿ ಎಳ್ಳಷ್ಟೂ ಕೋಪವಿಲ್ಲದೆ, "ನೀವು ಹೇಳಿದ್ದೇ ಸರಿ. ನಾನೇ ತಪ್ಪು ಆರಿಸಿದೆ. ನಾಳೆ ವಾಪಸು ಕೊಟ್ಟು ಬನ್ನಿ" ಅಂದಳು. ಮಗ ಗೆದ್ದವನ ಹಾಗೆ ಏನೂ ಕಾಣಲಿಲ್ಲ. ಪೆಚ್ಚಾಗಿ ತಲೆಯಾಡಿಸಿದ.

ಮರುದಿನ ಮಧ್ಯಾಹ್ನ ಕಸ ಗುಡಿಸುವಾಗ ಸಿಂಕಿನ ಹಿಂದಿನಿಂದ ಕಾಗದದ ಒಂದು ಸಣ್ಣ ಪೊಟ್ಟಣ ಪೊರಕೆಗೆ ಸಿಕ್ಕಿತು. ನೂಲಮ್ಮ ಬಿಚ್ಚಿದಳು. ಉದ್ದಕ್ಕೆ ಸೀಳಿದ ಪೈಪಿನ ತುಂಡು. ಒಳಗೆ ಹಿತ್ತಾಳೆಯ ಏಣುಗಳು. ಅವುಗಳ ನಡುವೆ ಒದ್ದೆ ಮುದ್ದೆಯಾದ ತನ್ನ ನೂಲು. ಎಳೆ ಎಳೆಯೂ ಒಳಗಿನಿಂದ ಹೊರಗಿನವರೆಗೆ ನೆನೆದು ನಿಂತಿತ್ತು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ. ನೀರಿಗೆ ದಾರಿ ಮಾಡಿಕೊಟ್ಟಿದ್ದೇ ಅದು. ಕಬ್ಬಿಣದ ಗೆರೆಯಲ್ಲಿ ನೂಲು ಉಬ್ಬಿ ನೀರನ್ನು ತಡೆಯುತ್ತಿತ್ತು. ಇಲ್ಲಿ ಪೈಪೇ ಹಿತ್ತಾಳೆಯನ್ನು ಕಚ್ಚಿಕೊಳ್ಳಬೇಕು, ನಡುವೆ ಕೂದಲು ಸಿಕ್ಕಿದರೂ ಕೆಟ್ಟಿತು.

ಸೋರಿದ್ದು ಬರೀ ತನ್ನ ಕೈ ಆಡಿದ ಜಾಯಿಂಟುಗಳೇ. ಬಚ್ಚಲದ್ದು ಒಂದೂ ಸೋರಿಲ್ಲ. ಇಷ್ಟು ಕಣ್ಣಿಗೆ ಕಟ್ಟಿದ ಹಾಗೆ ಇದ್ದರೂ ತನಗೆ ಹೊಳೆಯಲಿಲ್ಲವಲ್ಲ. ಸೊಸೆಗೆ ಹೊಳೆದಿದೆ. ಸೀಳಿ ನೋಡಿದ್ದಾಳೆ, ನೋಡಿ ಬಚ್ಚಿಟ್ಟಿದ್ದಾಳೆ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ತಪ್ಪು ನನ್ನದು ಅಂದಿದ್ದಾಳೆ. ನಾಚಿಕೆಯಿಂದ ನೂಲಮ್ಮನ ಕಿವಿ ಬಿಸಿಯಾಯಿತು. ಪೊಟ್ಟಣವನ್ನು ಇದ್ದಲ್ಲೇ ತಳ್ಳಿ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಒಂದು ಸಲ ಹೇಳಿತು. ಮೇಸ್ತ್ರಿಯ ಹೆಂಡತಿ ಜಾಯಿಂಟು ಕೆಡಿಸಿದಳು ಎಂದು ಬಾಯಿಬಿಟ್ಟು ಹೇಳಿದರೆ ಈ ಮನೆಯಲ್ಲಿ ತನ್ನ ಮಾತಿಗೆ ಇನ್ನೇನು ಬೆಲೆ?

ಸಂಜೆ ಮಗ ಕ್ರಿಂಪರನ್ನು ಡಬ್ಬಿಗೆ ಹಾಕಿ, ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ.

"ನಿಂತ್ಕೊಳೋ" ಅಂದಳು ನೂಲಮ್ಮ. ಸೀಳಿದ ತುಂಡನ್ನು ಅವನ ಕೈಯಲ್ಲಿಟ್ಟಳು. "ಅದನ್ನ ವಾಪಸು ಕೊಡಬೇಡ. ಅದರ ತಪ್ಪೂ ಅಲ್ಲ, ಇವಳ ತಪ್ಪೂ ಅಲ್ಲ. ನಾನು ಒಳಗೆ ನೂಲು ಸುತ್ತಿದ್ದೆ."

"ಏನಂದೆ?"

"ಕೇಳಿಸ್ತಲ್ಲ. ಯಾರಿಗೂ ಹೇಳದೆ ಸುತ್ತಿದೆ. ಸೋರ್ತು ಅಂತ ಎರಡನೇ ಸಲ ಇನ್ನೂ ಜಾಸ್ತಿ ಸುತ್ತಿದೆ."

ಮೊಮ್ಮಗಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮಗ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೆಂಡತಿಯ ಕಡೆ ನೋಡಿ, "ನಿಂಗೆ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

"ಮತ್ತೆ ನಂಗೆ ಹೇಳೋಕೆ ಏನಾಗಿತ್ತು? ನಾನು ಬಾಯಿಗೆ ಬಂದ ಹಾಗೆ ಅಂದೆನಲ್ಲ."

"ಅಂದ್ರಿ. ಏನ್ಮಾಡೋದು?" ಸೊಸೆ ಅತ್ತೆಯ ಕಡೆ ನೋಡಲಿಲ್ಲ, ಸೆರಗಿನ ತುದಿ ನೋಡಿದಳು. "ಆ ನೂಲಿನ ಕೆಲಸ ಮಾಡಿದ ದಿನ ಅವರು ಹಾಡ್ತಿದ್ರು. ಸಂಜೆ ಕೆಲಸದಿಂದ ಬಂದಾಗ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಮಾವ ಹೋದ ಮೇಲೆ ಅವರು ಹಾಡಿದ್ದು ನಾನು ಕೇಳಿರಲಿಲ್ಲ. ನಾನು ಹೇಳಿದ್ರೆ ನೀವು ಅವರ ಮೇಲೆ ರೇಗ್ತಿದ್ರಿ, ಅವರು ಮತ್ತೆ ಒಂದು ಫಿಟ್ಟಿಂಗ್ ಮುಟ್ತಿರಲಿಲ್ಲ. ಕ್ರಿಂಪರ್ ಬೇಕಾದ್ರೆ ಇನ್ನೊಂದು ಸಿಗುತ್ತೆ."

ಮಗ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಚಿ, "ಇವತ್ತು ಅಡುಗೆ ನಂದೇ" ಅಂದ. "ದೇವರೇ ಗತಿ" ಅಂದಳು ಮೊಮ್ಮಗಳು.

ಮುಂದಿನ ರಜೆಯ ದಿನ ಅಡುಗೆಮನೆಯ ಲೈನನ್ನು ಮತ್ತೆ ಬಿಚ್ಚಿದರು. ನೂಲಮ್ಮ ಫಿಟ್ಟಿಂಗು ಒರೆಸಿ, ಬೋಳಾಗಿಯೇ ತೂರಿಸಿದಳು. ಮೊದಲೆರಡು ಸಲ ಕೈ ತಾನಾಗಿ ಪೆಟ್ಟಿಗೆಯ ಕಡೆ ಹೋಯಿತು. ಹಿಂದಕ್ಕೆಳೆದುಕೊಂಡಳು. ಕೊನೆಯ ಜಾಯಿಂಟು, ಸಿಂಕಿನ ಕೆಳಗಿನದು, ಬಂದಾಗ ಸೊಸೆ ಕ್ರಿಂಪರನ್ನು ಅವಳ ಕೈಗಿಟ್ಟಳು.

"ಇದನ್ನ ನೀವು ಒತ್ತಿ ಅತ್ತೆ."

"ನನ್ನ ಕೈಲಿ ಎಲ್ಲಾಗುತ್ತೆ ಕಣೆ. ಬೆರಳು ನೋಡು."

"ನೋಡೇ ತಂದಿದ್ದು. ಅಂಗಡಿಯವನು ಹೇಳಲಿಲ್ವಾ? ಒತ್ತಿ, ಸುಸ್ತಾದ್ರೆ ಬಿಡಿ, ಅದು ಕಾಯುತ್ತೆ. ಉದ್ದ ಹಿಡಿಯದು ತಂದಿದ್ರೆ ನೀವು ಬರೀ ಪಕ್ಕದಲ್ಲಿ ಕೂತು ಸಾಮಾನು ಕೊಡ್ತಿದ್ರಿ."

ನೂಲಮ್ಮ ಅವಳನ್ನೇ ನೋಡಿದಳು. ಆಮೇಲೆ ಕಷ್ಟಪಟ್ಟು ಬಗ್ಗಿ, ಸಿಂಕಿನ ಕೆಳಗೆ ಕೂತು, ಇಕ್ಕಳದ ಬಾಯಿಯನ್ನು ಉಂಗುರದ ಕಿವಿಗೆ ಕೂರಿಸಿದಳು. ಒತ್ತಿದಳು. ಕಟ್ ಅಂತು. ಬಿಟ್ಟು ಉಸಿರು ತಗೊಂಡಳು. ಮತ್ತೆ ಒತ್ತಿದಳು. ಯಾರೂ ಅವಸರ ಮಾಡಲಿಲ್ಲ. ಮನೆ ಕಟ್ಟಿದಾಗಿನಿಂದ ಅವಳು ಸುತ್ತಿದ್ದೇ ಸುತ್ತಿದ್ದು. ರೆಂಚನ್ನು ಮೇಸ್ತ್ರಿ ಯಾವತ್ತೂ ಅವಳ ಕೈಗೆ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಬಿಗಿ ಮಾಡುವವರು ಇವರೇ, ಇವರಿಲ್ಲದ ದಿನ ಬರುವುದಿಲ್ಲ ಎಂಬ ಧೈರ್ಯದಲ್ಲೇ ಕಾಲ ಕಳೆದಿತ್ತು. ಕೊನೆಯ ಸಲ ಒತ್ತಿದಾಗ ಇಕ್ಕಳ ತಾನಾಗಿ ಬಾಯಿ ಬಿಟ್ಟಿತು.

"ಆಯ್ತು" ಅಂದಳು ಸೊಸೆ.

ಮಗ ಹೋಗಿ ವಾಲ್ವು ಬಿಟ್ಟ. ಪೈಪಿನೊಳಗೆ ನೀರು ಓಡಿದ ಸದ್ದು ಕೇಳಿಸಿತು. ನೂಲಮ್ಮ ಏಳಲಿಲ್ಲ, ಊಟಕ್ಕೆ ಕರೆದರೂ ಬರಲಿಲ್ಲ. ತಾನು ಒತ್ತಿದ ಜಾಯಿಂಟಿನ ಮುಂದೆ ತಲೆ ಬಗ್ಗಿಸಿಕೊಂಡು ಕೂತೇ ಇದ್ದಳು.

ಅಜ್ಜಿಯನ್ನು ಕರೆಯಲು ಬಂದ ಮೊಮ್ಮಗಳು ಸಿಂಕಿನ ಕೆಳಗಿನ ನೆಲ ನೋಡಿ, "ಅಮ್ಮ, ಮತ್ತೆ ಸೋರ್ತಿದೆ. ಹನಿ ಬಿದ್ದಿದೆ ನೋಡು" ಎಂದು ಕೂಗಿದಳು.

ಸೊಸೆ ಬಟ್ಟೆ ಹಿಡಿದುಕೊಂಡು ಓಡಿ ಬಂದಳು. ಮಂಡಿಯೂರಿ ಜಾಯಿಂಟಿನ ಸುತ್ತ ಬೆರಳಾಡಿಸಿದಳು. ಒಣಗಿತ್ತು. ಕೆಳಗೂ ಮುಟ್ಟಿದಳು, ಒಣಗಿತ್ತು. ನೆಲದ ಹನಿ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು.

"ಪೈಪು ಸರಿಯಾಗಿದೆ, ನೀನು ಹೋಗಿ ತಟ್ಟೆ ಹಾಕು" ಎಂದು ಮಗಳಿಗೆ ಹೇಳಿ, ಕೈಯಲ್ಲಿದ್ದ ಬಟ್ಟೆಯನ್ನು ಅತ್ತೆಗೆ ಕೊಟ್ಟು ಪಕ್ಕದಲ್ಲಿ ಕೂತಳು.